ಕೀಳಿಸಿಬಿಡಿ ಎನ್ನುವವರಿಗೆ

ಹಲ್ಲು ನೋವು ಎಂದು ಯಾರಾದರೂ ಕೆನ್ನೆ ಹಿಡಿದುಕೊಂಡರೆ ಸಾಕು, ಮನೆಯಲ್ಲಾಗಲಿ, ಗಾರ್ಮೆಂಟ್ಸ್‌ನ ಊಟದ ಹೊತ್ತಿನಲ್ಲಾಗಲಿ, ಮೆಡಿಕಲ್ ಸ್ಟೋರಿನ ಮುಂದಾಗಲಿ ಒಂದೇ ತೀರ್ಪು ಸಿದ್ಧವಾಗಿರುತ್ತದೆ: ‘ಸುಮ್ನೆ ಕೀಳಿಸ್ಬಿಡಿ, ಒಂದೇ ಸಲಕ್ಕೆ ಪೀಡೆ ಕಳೆಯುತ್ತೆ.’ ಹೇಳುವವರಿಗೆ ಅದು ವಿವೇಕದ ಮಾತು. ಕೇಳಿಸಿಕೊಳ್ಳುವವರಿಗೂ ಹಾಗೇ ಅನಿಸುತ್ತದೆ. ಈ ಒಪ್ಪಿಗೆಯೇ ನನಗೆ ಸಿಟ್ಟು ತರಿಸುವುದು. ಕಾಲ್ಬೆರಳು ಕೀವಾದರೆ ಮೊದಲ ದಿನವೇ ಕತ್ತರಿಸಿಬಿಡಿ ಎಂದು ಯಾರೂ ಹೇಳುವುದಿಲ್ಲ. ಉಳಿಸಬಹುದಾದ ಅಂಗವನ್ನು ಕಳೆದುಕೊಳ್ಳುವುದೇ ಚಿಕಿತ್ಸೆ ಎಂದು ಊರಿಗೆ ಊರೇ ಒಪ್ಪಿಕೊಂಡಿರುವುದು ಹಲ್ಲಿನ ವಿಷಯದಲ್ಲಿ ಮಾತ್ರ.

ಅದೂ ಎಲ್ಲರ ಹಲ್ಲಿನ ವಿಷಯದಲ್ಲಿ ಅಲ್ಲ. ಬೆಂಗಳೂರಿನ ಬಿನ್ನಿಪೇಟೆಯಲ್ಲಿ ನಿಂತು ನೋಡಿದರೆ ಇದು ಗೊತ್ತಾಗುತ್ತದೆ. 1884ರಲ್ಲಿ ಶುರುವಾಗಿ, ಎರಡು ವರ್ಷದಲ್ಲಿ ಬಿನ್ನಿ ಕಂಪನಿಯ ಕೈಗೆ ಬಂದ ಬಟ್ಟೆ ಗಿರಣಿಯಿಂದ ಈ ಬಡಾವಣೆಗೆ ಹೆಸರು ಬಂತು. ಗಿರಣಿ ಮುಚ್ಚಿತು, ಆ ನೆಲದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಗೋಪಾಲಪುರ, ಕೆ.ಪಿ. ಅಗ್ರಹಾರ, ಜೆ.ಜೆ. ನಗರದ ಓಣಿಗಳಿವೆ; ಹೊಲಿಗೆ ಕೆಲಸದವರು, ಆಟೊ ಓಡಿಸುವವರು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು, ಮನೆಯಲ್ಲೇ ಊದುಬತ್ತಿ ಹೊಸೆಯುವವರು ಇದ್ದಾರೆ. ಹತ್ತನೇ ಮಹಡಿಯಲ್ಲಿ ದವಡೆ ಹಲ್ಲು ಹುಳುಕಾದರೆ ರೂಟ್ ಕೆನಾಲ್ ಆಗುತ್ತದೆ, ಮೇಲೊಂದು ಕ್ಯಾಪ್ ಕೂರುತ್ತದೆ, ಹಲ್ಲು ಬಾಯಲ್ಲೇ ಉಳಿಯುತ್ತದೆ. ಓಣಿಯಲ್ಲಿ ಅದೇ ಹಲ್ಲು, ಅದೇ ಹುಳುಕು, ಇಕ್ಕಳಕ್ಕೆ ಹೋಗುತ್ತದೆ. ಒಂದೇ ಕಾಯಿಲೆಗೆ ಎರಡು ನ್ಯಾಯ. ಇದನ್ನು ನಾವು ಹಣೆಬರಹ ಅನ್ನುತ್ತೇವೆ, ಅನುಕೂಲ ಅನ್ನುತ್ತೇವೆ. ಅನ್ಯಾಯ ಎಂದು ಯಾಕೆ ಹೇಳುವುದಿಲ್ಲ?

ನಮ್ಮ ಹಿಂದಿನ ಬೀದಿಯಲ್ಲಿ ಹೊಲಿಗೆ ಕಾರ್ಖಾನೆಗೆ ಹೋಗುವ ಒಬ್ಬ ಅಕ್ಕ ಇದ್ದಾರೆ. ಕೆಳದವಡೆಯ ಎಡಗಡೆ ಹಲ್ಲಿನಲ್ಲಿ ಮೊದಲು ಒಂದು ಕಪ್ಪು ಗೆರೆ, ಆಮೇಲೆ ತಣ್ಣೀರು ಕುಡಿದರೆ ಜುಮ್ ಎನ್ನುವುದು, ಆಮೇಲೆ ರಾತ್ರಿ ಮಲಗಿದಾಗ ಕಿವಿವರೆಗೂ ಹೊಡೆದುಕೊಳ್ಳುವ ನೋವು. ಲವಂಗದ ಎಣ್ಣೆಯ ಹತ್ತಿ ಇಟ್ಟರು, ಉಪ್ಪುನೀರು ಮುಕ್ಕಳಿಸಿದರು. ನೋವು ಜೋರಾದಾಗ ಮೆಡಿಕಲ್ ಸ್ಟೋರಿನಲ್ಲಿ ಪೇಪರ್ ಪೊಟ್ಟಣ ಕಟ್ಟಿಸಿಕೊಂಡು ಬಂದರು: ನೋವಿಗೆ ಒಂದು, ಕೀವಿಗೆ ಒಂದು, ಗ್ಯಾಸಿಗೆ ಒಂದು. ಹೀಗೆ ತಿಂಗಳುಗಟ್ಟಲೆ. ಕೊನೆಗೆ ಕೆನ್ನೆ ಊದಿಕೊಂಡ ದಿನ ಕೀಳಿಸಿದರು. ನೋವು ಹೋಯಿತು, ನಿಜ. ಈಗ ಆ ಖಾಲಿ ಜಾಗದ ಹಿಂದಿನ ಹಲ್ಲು ಮುಂದಕ್ಕೆ ವಾಲಿದೆ, ಮೇಲಿನ ಸಾಲಿನ ಹಲ್ಲು ಕೆಳಕ್ಕೆ ಇಳಿದಿದೆ, ವಾಲಿದ ಸಂದಿಯಲ್ಲಿ ಅನ್ನ ಸಿಕ್ಕಿಕೊಂಡು ಪಕ್ಕದ ಹಲ್ಲೂ ಕಪ್ಪಾಗಿದೆ. ಅಗಿಯುವುದೆಲ್ಲ ಬಲಗಡೆಯಲ್ಲಿ. ಅಲ್ಲಿಯೂ ಈಗ ನೋವು. ಅಕ್ಕನಿಗೆ ನಲವತ್ತೂ ಆಗಿಲ್ಲ.

ಒಂದೇ ಸಲಕ್ಕೆ ಕಳೆಯುತ್ತದೆ ಎಂದ ಪೀಡೆ ಹೀಗೆ ಬಾಯಿ ತುಂಬ ಹರಡುತ್ತದೆ. ಹಲ್ಲು ಹೋದ ಕಡೆ ದವಡೆಯ ಎಲುಬು ಮೊದಲ ಕೆಲವು ತಿಂಗಳಲ್ಲೇ ಸವೆಯಲು ಶುರುವಾಗುತ್ತದೆ. ಎಲುಬನ್ನು ಅಲ್ಲಿ ಗಟ್ಟಿಯಾಗಿ ಇಟ್ಟಿದ್ದದ್ದೇ ಹಲ್ಲಿನ ಬೇರು. ಹೀಗೆ ಎರಡು, ಮೂರು, ನಾಲ್ಕು ಹಲ್ಲು ಹೋದ ಮೇಲೆ ಊಟ ಬದಲಾಗುತ್ತದೆ. ಮುದ್ದೆಯನ್ನು ನುಂಗಬಹುದು, ಅವರೆಕಾಳನ್ನು ನುಂಗಲಾಗದು. ಕಡಲೆಕಾಯಿ, ಸೌತೆಕಾಯಿ, ಕೋಸಂಬರಿ, ಸೀಬೆಹಣ್ಣು, ಕೋಳಿ ತುಂಡು ಎಲ್ಲವೂ ತಟ್ಟೆಯ ಅಂಚಿಗೆ ಸರಿಯುತ್ತವೆ. ಸಕ್ಕರೆ ಕಾಯಿಲೆಯವರಿಗೆ ಹಸಿ ತರಕಾರಿ ತಿನ್ನಿ, ಕಾಳು ತಿನ್ನಿ, ಮೆತ್ತನೆಯ ಅನ್ನ ಕಡಿಮೆ ಮಾಡಿ ಎಂದು ಗೋಡೆಯ ಮೇಲೆ ಚಾರ್ಟ್ ಅಂಟಿಸುತ್ತೇವೆ. ಯಾವ ಹಲ್ಲಿನಲ್ಲಿ ತಿನ್ನಬೇಕು?

ಹಲ್ಲು ಉಳಿಸುವ ಕೆಲಸ ಏನೆಂದು ನೋಡೋಣ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು, ಪಿಷ್ಟವನ್ನು ಆಮ್ಲ ಮಾಡುತ್ತವೆ. ಆಮ್ಲ ಹಲ್ಲಿನ ಹೊರಕವಚವಾದ ಎನಾಮಲ್ಲನ್ನು ಕರಗಿಸುತ್ತದೆ. ಹುಳ ಎಂಬುದು ಇಲ್ಲ; ಹುಳುಕು ಎಂದರೆ ಈ ಕರಗುವಿಕೆ. ಎನಾಮಲ್ಲಿನಲ್ಲಿ ನರ ಇಲ್ಲದ ಕಾರಣ ಅಲ್ಲಿಯವರೆಗೂ ನೋವಿಲ್ಲ. ಒಳಗಿನ ಪದರಕ್ಕೆ ಇಳಿದ ಮೇಲೆ ಜುಮ್ ಎನ್ನಲು ಶುರು. ಈ ಹಂತದಲ್ಲಿ ಕೊಳೆತದ್ದನ್ನು ತೆಗೆದು ಸಿಮೆಂಟ್ ಹಾಕಿದರೆ ಕೆಲಸ ಮುಗಿಯಿತು, ಅರ್ಧ ಗಂಟೆಯ ಮಾತು. ಬಿಟ್ಟರೆ ಹುಳುಕು ನಡುವಿನ ತಿರುಳಿಗೆ ಮುಟ್ಟುತ್ತದೆ. ತಿರುಳಿನಲ್ಲಿ ನರವಿದೆ, ರಕ್ತನಾಳವಿದೆ, ಸುತ್ತಲೂ ಕಲ್ಲಿನಂಥ ಗೋಡೆಯಿದೆ. ಮೈಯ ಬೇರೆ ಕಡೆ ಉರಿಯೂತವಾದರೆ ಊದಿಕೊಳ್ಳಲು ಜಾಗವಿರುತ್ತದೆ. ಇಲ್ಲಿ ಇಲ್ಲ. ಒತ್ತಡವೆಲ್ಲ ನರದ ಮೇಲೆಯೇ. ರಾತ್ರಿ ಮಲಗಿದಾಗ ತಲೆಗೆ ರಕ್ತ ಹೆಚ್ಚು ಹರಿದು ನೋವು ದುಪ್ಪಟ್ಟಾಗುವುದು ಇದಕ್ಕೇ.

ಈ ಹಂತದಲ್ಲಿ ರೂಟ್ ಕೆನಾಲ್ ಬೇಕು. ಹೆಸರು ಕೇಳಿಯೇ ಹೆದರುವವರು ಆ ಕೆಲಸವನ್ನು ಹತ್ತಿರದಿಂದ ಒಮ್ಮೆ ನೋಡಬೇಕು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಎಂಜಲು ಒಳಗೆ ಹೋಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಬಿಗಿಯುತ್ತಾರೆ. ಹಲ್ಲಿನ ನೆತ್ತಿಯಲ್ಲಿ ಕಿಂಡಿ ಕೊರೆದಾಗ ತಿರುಳಿನ ಕೋಣೆಯ ತಳದಲ್ಲಿ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು ನಾಳ, ಕೆಳಗಿನ ದವಡೆ ಹಲ್ಲಿಗೆ ಮೂರೋ ನಾಲ್ಕೋ. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಹುಡುಕಿದರೆ ಮಾತ್ರ ಸಿಗುವ ನಾಲ್ಕನೆಯ ನಾಳ ಬಹುಪಾಲು ಜನರಿಗೆ ಇರುತ್ತದೆ. ಬಿಳಿ, ಹಳದಿ, ಕೆಂಪು, ನೀಲಿ ಹಿಡಿಯ ಸಣ್ಣ ಅರಗಳನ್ನು ದಪ್ಪದ ಕ್ರಮದಲ್ಲಿ ಒಂದಾದ ಮೇಲೊಂದು ಇಳಿಸುತ್ತಾರೆ. ತೀರ ಸಪೂರದ ಅರದ ಮೊನೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಬೇರಿನ ತುದಿ ಎಲ್ಲಿ ಮುಗಿಯುತ್ತದೆ ಎಂದು ಪುಟ್ಟ ಯಂತ್ರವೊಂದು ಬೀಪ್ ಬೀಪ್ ಎಂದು ತಿಳಿಸುತ್ತದೆ. ನಡುನಡುವೆ ಬ್ಲೀಚಿಂಗ್ ವಾಸನೆಯ ದ್ರಾವಣ ಹಾಕಿ ತೊಳೆಯುತ್ತಾರೆ. ಕೊನೆಗೆ ಗಟಾಪಾರ್ಚ ಎಂಬ ಗುಲಾಬಿ ಬಣ್ಣದ ಕಡ್ಡಿಗಳನ್ನು ಬಿಸಿ ಮಾಡಿಯೋ ಒತ್ತಿಯೋ ನಾಳ ತುಂಬುತ್ತಾರೆ. ಮಲಯ ಸೀಮೆಯ ಮರದ ಹಾಲಿನಿಂದ ಮಾಡಿದ ವಸ್ತು ಅದು. ಮೇಲೆ ಕ್ಯಾಪ್ ಹಾಕಿದರೆ ಆ ಹಲ್ಲು ದಶಕಗಳ ಕಾಲ ಕಡಲೆಕಾಯಿ ಕಡಿಯಬಲ್ಲದು. ಇಷ್ಟು ನಾಜೂಕಿನ, ಇಷ್ಟು ಖಚಿತವಾದ ಕೆಲಸವನ್ನು ನೂರಾರು ತರಬೇತಾದ ಕೈಗಳು ಈ ನಗರದಲ್ಲಿ ದಿನವೂ ಮಾಡುತ್ತಿರುವಾಗ ಇಕ್ಕಳವನ್ನೇ ಬಡವರ ಚಿಕಿತ್ಸೆ ಎಂದು ಗೊತ್ತುಮಾಡಿದವರು ಯಾರು?

ಮೊದಲ ಹೊಣೆ ನಮ್ಮ ಮಾತ್ರೆ ನಂಬಿಕೆಯದು. ತಿರುಳು ಸತ್ತ ಮೇಲೆ ಅಲ್ಲಿಗೆ ರಕ್ತ ಹೋಗುವುದಿಲ್ಲ. ರಕ್ತ ಹೋಗದ ಜಾಗಕ್ಕೆ ನುಂಗಿದ ಮಾತ್ರೆ ಹೇಗೆ ಹೋಗುತ್ತದೆ? ಆಂಟಿಬಯಾಟಿಕ್ ಸುತ್ತಲಿನ ಊತವನ್ನು ನಾಲ್ಕು ದಿನ ತಗ್ಗಿಸಬಹುದು, ಬೇರಿನೊಳಗಿನ ಕೊಳೆಯನ್ನು ಅದು ಮುಟ್ಟುವುದೂ ಇಲ್ಲ. ಜ್ವರ, ಹರಡುವ ಊತ ಇಲ್ಲದ ಹಲ್ಲುನೋವಿಗೆ ಆಂಟಿಬಯಾಟಿಕ್ ಕೊಡಬೇಡಿ, ಹಲ್ಲಿಗೆ ಚಿಕಿತ್ಸೆ ಮಾಡಿ ಎಂದು ಅಮೆರಿಕದ ದಂತ ವೈದ್ಯರ ಸಂಘ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಮ್ಮಲ್ಲಿ ಚೀಟಿ ಇಲ್ಲದೆ ಕೌಂಟರಿನ ಮೇಲೆ ಪೊಟ್ಟಣ ಕಟ್ಟಿಕೊಡುತ್ತಾರೆ, ಬಿ.ಪಿ. ಇದೆಯೇ, ಕಿಡ್ನಿ ತೊಂದರೆ ಇದೆಯೇ ಎಂದು ಕೇಳದೆ ನೋವಿನ ಮಾತ್ರೆ ಕೊಡುತ್ತಾರೆ. ಒಂದೊಂದು ಪೊಟ್ಟಣವೂ ಹಲ್ಲು ಉಳಿಸಬಹುದಾಗಿದ್ದ ಕೆಲವು ವಾರಗಳನ್ನು ತಿಂದುಹಾಕುತ್ತದೆ. ಕೊನೆಗೆ ಕುರ್ಚಿಯ ಮೇಲೆ ಕೂತಾಗ ಹಲ್ಲು ಬುಡದವರೆಗೂ ಕರಗಿರುತ್ತದೆ, ನಿಜವಾಗಿಯೂ ಕೀಳಲೇಬೇಕಾಗಿರುತ್ತದೆ. ಆಗ ‘ನೋಡಿದ್ರಾ, ಅವತ್ತೇ ಕೀಳಿಸಬೇಕಿತ್ತು’ ಎನ್ನುತ್ತೇವೆ. ಅವತ್ತೇ ತುಂಬಿಸಬೇಕಿತ್ತು.

ಎರಡನೆಯದು ದುಡ್ಡಿನ ಮಾತು. ಕೀಳಿಸಲು ಕೆಲವು ನೂರು, ರೂಟ್ ಕೆನಾಲ್ ಮತ್ತು ಕ್ಯಾಪಿಗೆ ಹಲವು ಸಾವಿರ. ಬಡವರು ಏನು ಮಾಡಬೇಕು ಎನ್ನುತ್ತಾರೆ. ಈ ಲೆಕ್ಕ ಕಿತ್ತ ದಿನಕ್ಕೇ ನಿಂತುಬಿಡುತ್ತದೆ. ಕಿತ್ತ ಜಾಗಕ್ಕೆ ಬ್ರಿಜ್ ಹಾಕಿಸಿದರೆ ಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನೂ ಅರೆಯಬೇಕು. ಇಂಪ್ಲಾಂಟ್ ಎಂದರೆ ರೂಟ್ ಕೆನಾಲಿನ ಹಲವು ಪಟ್ಟು. ಏನೂ ಹಾಕಿಸದಿದ್ದರೆ ಆ ಅಕ್ಕನ ಬಾಯಿ. ಮೊದಲ ಕಪ್ಪು ಗೆರೆ ಕಂಡಾಗ ತುಂಬಿಸಿದ್ದರೆ ಕೀಳಿಸುವ ಖರ್ಚಿನ ಆಸುಪಾಸಿನಲ್ಲೇ ಮುಗಿಯುತ್ತಿತ್ತು. ಇನ್ನು ಸಾವಿರಗಳ ಮಾತು: ದುಬಾರಿ ಎನ್ನುವುದು ನಿಜವೇ ಆದರೆ ನಮ್ಮ ಸಿಟ್ಟು ಆ ದುಬಾರಿಯ ಮೇಲೆ ತಿರುಗಬೇಕಿತ್ತು. ಹೃದಯದ ಸ್ಟೆಂಟ್ ದುಬಾರಿ ಎಂದಾಗ ಸರ್ಕಾರ ಬೆಲೆ ಕಟ್ಟಿತು. ಡಯಾಲಿಸಿಸ್ ದುಬಾರಿ ಎಂದಾಗ ಜಿಲ್ಲಾಸ್ಪತ್ರೆಗಳಲ್ಲಿ ಯಂತ್ರ ಬಂತು. ಹಲ್ಲು ದುಬಾರಿ ಎಂದಾಗ ಮಾತ್ರ ಬಡವರ ಬಾಯಿಂದ ಹಲ್ಲನ್ನೇ ತೆಗೆದೆವು.

ಸರ್ಕಾರವೂ ಇದೇ ನಂಬಿಕೆಯನ್ನು ಯೋಜನೆ ಮಾಡಿತು. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ‘ದಂತಭಾಗ್ಯ’ ಬಂತು: ಹಲ್ಲೆಲ್ಲ ಹೋದ ಬಿಪಿಎಲ್ ಹಿರಿಯರಿಗೆ ಉಚಿತ ಹಲ್ಲಿನ ಸೆಟ್. ಹಲ್ಲಿಲ್ಲದ ಅಜ್ಜಿಗೆ ಸೆಟ್ ಸಿಕ್ಕಿ ರೊಟ್ಟಿ ಮುರಿಯುವಂತಾದರೆ ಅದು ದೊಡ್ಡ ಕೆಲಸ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಅದೇ ಅಜ್ಜಿಗೆ ಮೂವತ್ತು ವಯಸ್ಸಿದ್ದಾಗ ಒಂದು ಹಲ್ಲಿಗೆ ಸಿಮೆಂಟ್ ಹಾಕಿಸುವ ಭಾಗ್ಯ ಯಾಕಿರಲಿಲ್ಲ? ಮೂವತ್ತೆರಡೂ ಬೀಳುವವರೆಗೆ ಕಾದು, ಆಮೇಲೆ ಕೃತಕ ಹಲ್ಲು ಕೊಡುವುದಕ್ಕೆ ಆರೋಗ್ಯ ನೀತಿ ಎನ್ನಬಹುದೇ? 2002–03ರಲ್ಲಿ ಭಾರತೀಯ ದಂತ ಪರಿಷತ್ತು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 35ರಿಂದ 44 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಹುಳುಕು ಇತ್ತು. ದುಡಿಯುವ ವಯಸ್ಸಿನ ಇಷ್ಟು ಜನರ ಕಾಯಿಲೆಗೆ ನಗರದ ‘ನಮ್ಮ ಕ್ಲಿನಿಕ್’ಗಳಲ್ಲಿ ಜಾಗ ಇಲ್ಲ. ಅಲ್ಲಿ ವೈದ್ಯರಿದ್ದಾರೆ, ನರ್ಸ್ ಇದ್ದಾರೆ, ಲ್ಯಾಬ್ ತಂತ್ರಜ್ಞರಿದ್ದಾರೆ, ಹಲ್ಲಿನ ಡಾಕ್ಟರಿಲ್ಲ. ಕರ್ನಾಟಕದಲ್ಲಿ ನಲವತ್ತರ ಆಸುಪಾಸಿನ ದಂತ ಕಾಲೇಜುಗಳಿವೆ, ವರ್ಷವರ್ಷವೂ ಸಾವಿರಾರು ಯುವ ದಂತ ವೈದ್ಯರು ಹೊರಬರುತ್ತಾರೆ, ಕೆಲಸಕ್ಕೆ ಅಲೆಯುತ್ತಾರೆ. ಒಂದು ಕಡೆ ಕೆಲಸವಿಲ್ಲದ ದಂತ ವೈದ್ಯರು, ಇನ್ನೊಂದು ಕಡೆ ವೈದ್ಯರಿಲ್ಲದ ಹಲ್ಲುಗಳು. ಇವೆರಡನ್ನು ಸೇರಿಸಲು ಒಂದು ಆದೇಶ ಸಾಕಲ್ಲವೇ?

ವಿಮೆಯ ಕಥೆ ಇನ್ನೂ ಕ್ರೂರ. ಬಹುತೇಕ ಆರೋಗ್ಯ ಪಾಲಿಸಿಗಳು ಅಪಘಾತದ ಹೊರತು ಹಲ್ಲಿನ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವನ್ನು ಕಟ್ಟಿರುವುದು ಆಸ್ಪತ್ರೆಗೆ ದಾಖಲಾಗುವ ಕಾಯಿಲೆಗಳ ಸುತ್ತ. ಕೆಳದವಡೆ ಹಲ್ಲಿನ ಕೀವು ನಾಲಿಗೆಯ ಅಡಿಗೆ, ಗಂಟಲಿಗೆ ಹರಡಿ ಉಸಿರಿನ ದಾರಿಯನ್ನೇ ಒತ್ತುವ ಸ್ಥಿತಿಯೊಂದಿದೆ. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ ಇದರಿಂದ ಇವತ್ತಿಗೂ ಜನ ಸಾಯುತ್ತಾರೆ. ಅಲ್ಲಿಯವರೆಗೆ ಹೋಗಿ ಐಸಿಯು ಸೇರಿದರೆ ವಿಮೆಯ ಬಾಗಿಲು ತೆರೆಯುತ್ತದೆ. ಆ ಸ್ಥಿತಿ ಬಾರದಂತೆ ತಡೆಯಬಹುದಾಗಿದ್ದ ರೂಟ್ ಕೆನಾಲಿಗೆ ತೆರೆಯುವುದಿಲ್ಲ. ಜೀವ ಗಂಟಲಿಗೆ ಬಂದ ಮೇಲೆ ಲಕ್ಷಗಟ್ಟಲೆ ಕೊಡಲು ಸಿದ್ಧರಿರುವ ವ್ಯವಸ್ಥೆ ಅದಕ್ಕೆ ಮೊದಲು ಕೆಲವು ಸಾವಿರ ಕೊಡಲು ಒಪ್ಪುವುದಿಲ್ಲ ಎಂದರೆ, ಆ ಲೆಕ್ಕ ಯಾರ ಪರವಾಗಿದೆ?

ಮಕ್ಕಳ ವಿಷಯಕ್ಕೆ ಬರುತ್ತೇನೆ, ನನಗೆ ಅತಿ ಹೆಚ್ಚು ಸಂಕಟವಾಗುವುದು ಇಲ್ಲೇ. ‘ಹಾಲುಹಲ್ಲು ತಾನೇ, ಹೇಗೂ ಬೀಳುತ್ತೆ’ ಎನ್ನುತ್ತೇವೆ. ಹಿಂದಿನ ಹಾಲುಹಲ್ಲು ಬೀಳಬೇಕಾದದ್ದು ಹತ್ತರಿಂದ ಹನ್ನೆರಡನೇ ವಯಸ್ಸಿಗೆ. ಐದನೇ ವರ್ಷಕ್ಕೇ ಕಿತ್ತರೆ ಬರಬೇಕಾದ ಹಲ್ಲಿನ ಜಾಗವನ್ನು ಪಕ್ಕದವು ನುಂಗುತ್ತವೆ, ಹೊಸ ಹಲ್ಲು ಸೊಟ್ಟಗೆ ಹುಟ್ಟುತ್ತದೆ. ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಆರನೇ ವರ್ಷಕ್ಕೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ ಒಂದು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಮೇಲೆ ಎರಡು, ಕೆಳಗೆ ಎರಡು. ಯಾವುದೂ ಬೀಳದೆ ಬಂದದ್ದರಿಂದ ತಂದೆತಾಯಿ ಅದನ್ನೂ ಹಾಲುಹಲ್ಲು ಎಂದೇ ತಿಳಿಯುತ್ತಾರೆ. ಅದು ಸಾಯುವವರೆಗೆ ಜೊತೆಗಿರಬೇಕಾದ ಹಲ್ಲು, ಇಡೀ ಬಾಯಿಯ ಭಾರ ಹೊರುವ ಹಲ್ಲು. ಅದರ ನೆತ್ತಿಯಲ್ಲಿ ಆಳವಾದ ಗೆರೆಗಳಿರುತ್ತವೆ, ಹತ್ತು ರೂಪಾಯಿ ಬಿಸ್ಕತ್ತು ಪೊಟ್ಟಣದ ಹಿಟ್ಟು ಅಲ್ಲೇ ಕೂರುತ್ತದೆ, ಎಂಟನೇ ವರ್ಷಕ್ಕೆ ಹುಳುಕು. ‘ಬೀಳುತ್ತೆ ಬಿಡಿ’ ಎಂದು ಬಿಟ್ಟು, ಹತ್ತನೇ ವರ್ಷಕ್ಕೆ ಕೀಳಿಸುತ್ತಾರೆ. ಹತ್ತು ವರ್ಷದ ಮಗು ಇನ್ನೊಮ್ಮೆ ಹುಟ್ಟದ ಹಲ್ಲನ್ನು ಕಳೆದುಕೊಂಡು ಮನೆಗೆ ಬರುತ್ತದೆ, ಕೈಯಲ್ಲಿ ಐಸ್‌ಕ್ರೀಮ್ ಹಿಡಿದು.

ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ನೋಡಿ, ಬರೆದುಕೊಂಡು ಹೋಗುವುದರಲ್ಲಿ ಏನು ಬಂತು? ತುಂಬುವುದಕ್ಕೆ ಕರೆಂಟೂ ಬೇಕಿಲ್ಲ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಶುರುವಾದ ಒಂದು ವಿಧಾನದಲ್ಲಿ ಕೈಯುಪಕರಣದಿಂದ ಮೆತ್ತಗಾದ ಭಾಗವನ್ನು ಕೆರೆದು ತೆಗೆದು ಗ್ಲಾಸ್ ಅಯಾನಮರ್ ಸಿಮೆಂಟ್ ಒತ್ತುತ್ತಾರೆ; ಡ್ರಿಲ್ ಇಲ್ಲ, ಹೆಚ್ಚಿನ ಸಲ ಇಂಜೆಕ್ಷನ್ನೂ ಇಲ್ಲ. ಶಾಲೆಯ ಬೆಂಚಿನ ಮೇಲೆ ಮಗುವನ್ನು ಮಲಗಿಸಿ ಮಾಡಬಹುದಾದ ಕೆಲಸ. ಈ ಸಿಮೆಂಟನ್ನೂ ಹುಳುಕು ನಿಲ್ಲಿಸುವ ಸಿಲ್ವರ್ ಡಯಮೀನ್ ಫ್ಲೋರೈಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಪ್ಯಾರಾಸಿಟಮಾಲ್ ಇರುವ ಪಟ್ಟಿ ಅದು. ನಮ್ಮ ವಾರ್ಡಿನ ಕ್ಲಿನಿಕ್ಕಿನ ಕಪಾಟಿಗೆ ಅದು ಬರಲು ಇನ್ನೆಷ್ಟು ಮಕ್ಕಳು ದವಡೆ ಹಲ್ಲು ಕಳೆದುಕೊಳ್ಳಬೇಕು?

ಇದರ ಮೇಲೆ ವಾಟ್ಸ್ಯಾಪ್ ಪಾಂಡಿತ್ಯ ಬೇರೆ. ನರ ತೆಗೆದ ಹಲ್ಲು ಸತ್ತ ಹಲ್ಲು, ಅದು ಮೈಗೆಲ್ಲ ವಿಷ ಬಿಡುತ್ತದೆ, ಕ್ಯಾನ್ಸರ್ ಬರುತ್ತದೆ ಎಂಬ ಸಂದೇಶ ಬೆಳಗಿನ ಸುಪ್ರಭಾತದ ಜೊತೆ ಬರುತ್ತದೆ. ಇದು ನೂರು ವರ್ಷ ಹಳೆಯ ಭ್ರಮೆ. ಬ್ರಿಟನ್ನಿನ ವೈದ್ಯ ವಿಲಿಯಂ ಹಂಟರ್ 1910ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡಿ, ತುಂಬಿಸಿದ ಹಲ್ಲುಗಳಡಿಯ ಸೋಂಕೇ ಹಲವು ಕಾಯಿಲೆಗಳಿಗೆ ಮೂಲ ಎಂದ. 1920ರ ದಶಕದಲ್ಲಿ ಅಮೆರಿಕದ ವೆಸ್ಟನ್ ಪ್ರೈಸ್ ಎಂಬ ದಂತ ವೈದ್ಯ ಮೊಲಗಳ ಮೇಲೆ ಪ್ರಯೋಗ ಮಾಡಿ ಅದಕ್ಕೆ ಒಗ್ಗರಣೆ ಹಾಕಿದ. ಕೀಲುನೋವಿಗೂ ಮನೋರೋಗಕ್ಕೂ ಪರಿಹಾರ ಎಂದು ಒಳ್ಳೆಯ ಹಲ್ಲುಗಳನ್ನೂ ಸಾಲುಸಾಲಾಗಿ ಕಿತ್ತರು. ಕಾಯಿಲೆ ವಾಸಿಯಾಗಲಿಲ್ಲ. ಆ ಪ್ರಯೋಗಗಳು ಸರಿಯಾಗಿ ನಡೆದಿರಲಿಲ್ಲ ಎಂದು ಗೊತ್ತಾಗಿ ವೈದ್ಯಲೋಕ ಅದನ್ನು ಕೈಬಿಟ್ಟು ದಶಕಗಳೇ ಆದವು. ಅಲ್ಲಿ ಹೂತ ಹೆಣವನ್ನು ಇಲ್ಲಿ ಎಬ್ಬಿಸಿ, ನೆರೆಮನೆಯವರ ಹಲ್ಲು ಕೀಳಿಸುವ ಪುಣ್ಯ ನಮಗೇಕೆ?

ಡಾಕ್ಟರು ದುಡ್ಡಿಗಾಗಿ ರೂಟ್ ಕೆನಾಲ್ ಹೇಳುತ್ತಾರೆ ಎಂಬ ದೂರು ಸುಮ್ಮನೆ ಹುಟ್ಟಿದ್ದಲ್ಲ. ತುಂಬಿಸಿದರೆ ಸಾಕಾಗುವ ಕಡೆ ನಾಳ ತೆರೆಯುವವರು, ಎಕ್ಸ್‌ರೇ ತೋರಿಸದೆ ಪ್ಯಾಕೇಜ್ ಹೇಳುವವರು ಇದ್ದಾರೆ, ಅವರಿಗೆ ನನ್ನ ಧಿಕ್ಕಾರವಿದೆ. ಅವರು ಮೋಸ ಮಾಡುವುದು ಒಬ್ಬ ರೋಗಿಗಲ್ಲ. ಅವನ ಮಾತು ಕೇಳಿ ಹಲ್ಲಿನ ಕುರ್ಚಿಗೇ ಹೆದರುವ ಇಡೀ ಓಣಿಗೆ. ಆದರೆ ಈ ರೋಗಕ್ಕೂ ಮದ್ದು ಸರ್ಕಾರಿ ಚಿಕಿತ್ಸೆಯೇ. ವಾರ್ಡಿನಲ್ಲಿ ದುಡ್ಡಿನ ಆಸೆ ಇಲ್ಲದ ಒಂದು ದಂತ ವಿಭಾಗವಿದ್ದರೆ, ಈ ಹಲ್ಲಿಗೆ ನಿಜವಾಗಿಯೂ ಏನು ಬೇಕು ಎಂದು ಜನ ಅಲ್ಲಿ ಕೇಳಿಕೊಂಡು ಬರುತ್ತಾರೆ. ಖಾಸಗಿಯವರ ಬಾಯಿಗೂ ಆಗ ಬೀಗ ಬೀಳುತ್ತದೆ.

ಇದೆಲ್ಲ ಆಗದ ಮಾತು ಎನ್ನುವವರು ಬ್ರೆಜಿಲ್ ನೋಡಲಿ. ಅದೇನು ಸಿರಿವಂತರ ದೇಶವಲ್ಲ. 2004ರಲ್ಲಿ ಅಲ್ಲಿನ ಸರ್ಕಾರ ಹಲ್ಲಿನ ಆರೋಗ್ಯಕ್ಕೆ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯೊಳಗೆ ದೊಡ್ಡ ಜಾಗ ಕೊಟ್ಟಿತು, ಬಡಾವಣೆಯ ಆರೋಗ್ಯ ತಂಡಗಳಿಗೆ ಇನ್ನಷ್ಟು ದಂತ ವೈದ್ಯರನ್ನು ಸೇರಿಸಿತು, ರೂಟ್ ಕೆನಾಲ್ ಕೂಡ ಮಾಡುವ ವಿಶೇಷ ಕೇಂದ್ರಗಳನ್ನು ತೆರೆಯಿತು. 2023ರಲ್ಲಿ ಅದನ್ನು ಕಾನೂನು ಮಾಡಿತು. ಅಲ್ಲಿನ ಕೂಲಿಯವನ ಹಲ್ಲಿಗೆ ಇರುವ ಬೆಲೆ ಕಾಟನ್‌ಪೇಟೆಯ ಕೂಲಿಯವನ ಹಲ್ಲಿಗೆ ಯಾಕಿಲ್ಲ?

ಬಿನ್ನಿಪೇಟೆಯಿಂದ ದೂರವೇನಿಲ್ಲ, ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಪಕ್ಕದಲ್ಲಿ 1958ರಲ್ಲಿ ಶುರುವಾದ ಸರ್ಕಾರಿ ದಂತ ಕಾಲೇಜು ಇದೆ. ಕಡಿಮೆ ದುಡ್ಡಿಗೆ ಹಲ್ಲು ಉಳಿಸುವ ಕೈಗಳು ಅಲ್ಲಿವೆ. ಆದರೆ ರೂಟ್ ಕೆನಾಲಿಗೆ ಎರಡು ಮೂರು ಸಲ ಹೋಗಬೇಕು, ಹಗಲು ಹೊತ್ತಿನಲ್ಲೇ ಹೋಗಬೇಕು. ದಿನಗೂಲಿಯವರಿಗೆ ಮೂರು ದಿನದ ಕೂಲಿ ಹೋದರೆ ಉಚಿತ ಚಿಕಿತ್ಸೆಯೂ ದುಬಾರಿಯೇ. ಅಲ್ಲಿ ಸಂಜೆಯ ಒಪಿಡಿ ಬೇಕು, ಭಾನುವಾರದ ಪಾಳಿ ಬೇಕು. ಬೇಕಾದಷ್ಟು ಸಿಬ್ಬಂದಿಯನ್ನೂ ಸಂಬಳವನ್ನೂ ಸರ್ಕಾರ ಕೊಡಬೇಕು. ಪ್ರತಿ ನಮ್ಮ ಕ್ಲಿನಿಕ್ಕಿಗೆ ವಾರಕ್ಕೆ ಎರಡು ದಿನವಾದರೂ ದಂತ ವೈದ್ಯರು ಬರಬೇಕು, ಸಿಮೆಂಟ್ ತುಂಬುವ ಕೆಲಸ ಅಲ್ಲೇ ಆಗಬೇಕು. ಒಂದನೇ, ಎರಡನೇ ತರಗತಿಯ ಪ್ರತಿ ಮಗುವಿನ ಆ ನಾಲ್ಕು ದವಡೆ ಹಲ್ಲುಗಳನ್ನು ನೋಡಿ, ಗೆರೆಗಳನ್ನು ಮುಚ್ಚಿ, ಹುಳುಕಿದ್ದರೆ ಅದೇ ದಿನ ತುಂಬಿ, ಮನೆಗೆ ಚೀಟಿ ಕಳಿಸಬೇಕು. ಆರೋಗ್ಯ ಕರ್ನಾಟಕದ ಚಿಕಿತ್ಸಾ ಪಟ್ಟಿಯಲ್ಲಿ ದವಡೆ ಹಲ್ಲಿನ ರೂಟ್ ಕೆನಾಲ್ ಮತ್ತು ಕ್ಯಾಪ್ ಸೇರಬೇಕು.

ಹೊಲಿಗೆ ಕಾರ್ಖಾನೆಯ ಅಕ್ಕಂದಿರೇ, ನಿಮ್ಮ ಸಂಬಳದಿಂದ ಪ್ರತಿ ತಿಂಗಳು ಮುಕ್ಕಾಲು ಪರ್ಸೆಂಟ್ ಇಎಸ್ಐಗೆ ಹೋಗುತ್ತದೆ, ಮಾಲೀಕರು ಮೂರೂಕಾಲು ಪರ್ಸೆಂಟ್ ಕಟ್ಟುತ್ತಾರೆ. ಹನ್ನೆರಡು ಸಾವಿರ ಸಂಬಳವಾದರೆ ತಿಂಗಳಿಗೆ 480 ರೂಪಾಯಿ ನಿಮ್ಮ ಹೆಸರಿನಲ್ಲಿ ಜಮೆಯಾಗುತ್ತದೆ. ಅದು ಯಾರ ದಾನವೂ ಅಲ್ಲ. ಮುಂದಿನ ಸಲ ಹಲ್ಲು ಜುಮ್ ಎಂದಾಗ ಮೆಡಿಕಲ್ ಸ್ಟೋರಿಗೆ ಹೋಗಬೇಡಿ. ಇಎಸ್ಐ ಕಾರ್ಡ್ ಹಿಡಿದು ರಾಜಾಜಿನಗರದ ಇಎಸ್ಐ ಆಸ್ಪತ್ರೆಗೆ ಹೋಗಿ, ಒಬ್ಬೊಬ್ಬರೇ ಬೇಡ, ಒಂದು ಲೈನಿನವರೆಲ್ಲ ಸೇರಿ ಹೋಗಿ. ದಂತ ವಿಭಾಗದ ಕಿಟಕಿಯಲ್ಲಿ ನಿಂತು ಮೂರು ಪ್ರಶ್ನೆ ಕೇಳಿ: ನನ್ನ ಹಲ್ಲು ಉಳಿಯುತ್ತದೆಯೇ, ಉಳಿಸುವುದು ಯಾವತ್ತು, ಆ ದಿನದ ರಜೆಗೆ ಸಂಬಳ ಕಟ್ ಆಗದಂತೆ ಚೀಟಿ ಕೊಡುತ್ತೀರಾ. ಉತ್ತರವನ್ನು ಬರವಣಿಗೆಯಲ್ಲಿ ಕೇಳಿ. ‘ಕೀಳಿಸಿಬಿಡಿ’ ಎಂದರೆ, ಯಾಕೆ ಉಳಿಸಲಾಗದು ಎಂದು ಎಕ್ಸ್‌ರೇ ಮೇಲೆ ತೋರಿಸುವವರೆಗೂ ಬಾಯಿ ತೆರೆಯಬೇಡಿ.